ಸಂಸತ್ತಿನ ಡಿಜಿಟಲ್ ಗ್ರಂಥಾಲಯ: ಸಿಗುವುದು ಸುಲಭ, ಎಣಿಸುವುದು ಕಷ್ಟ

ಮಾನಸಗಂಗೋತ್ರಿಯಲ್ಲೋ ಮಂಡ್ಯದ ಕಾಲೇಜಿನಲ್ಲೋ ಕೂತು, ನಮ್ಮ ಸಂಸದರು ದೆಹಲಿಯಲ್ಲಿ ಏನು ಮಾತಾಡಿದರು ಎಂದು ಪ್ರಬಂಧ ಬರೆಯುವವರಿಗೆ ಸಂಸತ್ತಿನ ಡಿಜಿಟಲ್ ಗ್ರಂಥಾಲಯಕ್ಕಿಂತ ದೊಡ್ಡ ಉಗ್ರಾಣ ಇಲ್ಲ. ಸಂವಿಧಾನ ಸಭೆಯ ಚರ್ಚೆ, ಲೋಕಸಭೆಯ ನಡಾವಳಿ, ಸಮಿತಿ ವರದಿ, ಎಲ್ಲವೂ ಬಿಟ್ಟಿ. ಹತ್ತಕ್ಕೆ ಏಳು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಮೂರು ಹುಡುಕಾಟದಲ್ಲೇ ಕಳೆದುಹೋಗುತ್ತವೆ.

ಮೊದಲ ತೊಡಕು ಹೆಸರುಗಳದ್ದು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ನಡಾವಳಿಯಲ್ಲಿ 'ಮೈಸೂರು' ಎಂದು ಹುಡುಕಿದರೆ ಇಡೀ ರಾಜ್ಯವೇ ಮೈಮೇಲೆ ಬೀಳುತ್ತದೆ. ಜೊತೆಗೆ ಜಿಲ್ಲೆಯದೋ ತಾಲ್ಲೂಕಿನದೋ ಹೆಸರು ಸೇರಿಸಿ. ಇಂಗ್ಲಿಷಿನಲ್ಲಿ ಕಾವೇರಿಗೆ 'ಸಿ' ಅಕ್ಷರದ ಹಳೆಯ ಕಾಗುಣಿತ, ಒಡೆಯರ್ ಎಂಬುದಕ್ಕೆ ಎರಡು ಮೂರು ಕಾಗುಣಿತ. ಮಂಡ್ಯದ ಮಾಜಿ ಸಂಸದೆಯನ್ನು ರಮ್ಯಾ ಎಂದೂ ದಿವ್ಯ ಸ್ಪಂದನ ಎಂದೂ ಹುಡುಕಿ ನೋಡಬೇಕು.

ಹಳೆಯ ಸಂಪುಟಗಳು ಸ್ಕ್ಯಾನ್ ಮಾಡಿದ ಪಿಡಿಎಫ್. ಪುಟಕ್ಕೆ ಎರಡು ಅಂಕಣ, ಪ್ರತಿ ಅಂಕಣಕ್ಕೂ ಅದರದೇ ಸಂಖ್ಯೆ. ಪಠ್ಯವನ್ನು ನಕಲು ಮಾಡಿ ಅಂಟಿಸಿದರೆ ಎಡಗಡೆಯ ಸಾಲಿಗೆ ಬಲಗಡೆಯ ಸಾಲು ಬೆಸೆದುಕೊಂಡು ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಬಹುದು. ಹಾಗಾಗಿ ಚಿತ್ರ ನೋಡಿಕೊಂಡೇ ಟೈಪ್ ಮಾಡುವುದು ಕ್ಷೇಮ. ಅಡಿಟಿಪ್ಪಣಿಗೆ ಪಿಡಿಎಫ್ ಪುಟಸಂಖ್ಯೆ ಬೇಡ, ಅಚ್ಚಾದ ಅಂಕಣಸಂಖ್ಯೆಯನ್ನೇ ಕೊಡಿ.

ಭಾಷಣದ ಪಕ್ಕದ ನಕ್ಷತ್ರ ಚಿಹ್ನೆಗಳನ್ನಂತೂ (ಕೆಳಗಿನ ಅಡಿಟಿಪ್ಪಣಿಯ ಗುರುತು) ದಾಟಿ ಓದಲೇಬಾರದು. ಸದಸ್ಯರು ಕನ್ನಡದಲ್ಲಿ ಮಾತಾಡಿದ್ದರೆ ಮುದ್ರಿತ ನಡಾವಳಿಯಲ್ಲಿ ಸಿಗುವುದು ಅದರ ಅನುವಾದ. ಮೂಲ ಕನ್ನಡದ್ದೆಂದು ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಭಾಷಣದ ಧಾಟಿಯ ಬಗ್ಗೆ ಬರೆಯುವವರಿಗೆ ಈ ಕಾಗದ ಸಾಲದು, ಧ್ವನಿಮುದ್ರಿಕೆಯೇ ಬೇಕು. ಕೆಲವು ಭಾಷಣಗಳನ್ನು ಸದನದಲ್ಲಿ ಓದದೆ ಮಂಡಿಸಿರುತ್ತಾರೆ. ಅವನ್ನೂ 'ಮಾತಾಡಿದ ಪದ'ಗಳ ಲೆಕ್ಕಕ್ಕೆ ಸೇರಿಸಿದರೆ ಬಾಯೇ ತೆರೆಯದವರು ವಾಗ್ಮಿಗಳಾಗುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಗಳದೂ ಇದೇ ಕಥೆ: ಲೋಕಸಭೆಯಲ್ಲಿ ದಿನಕ್ಕೆ ಪಟ್ಟಿಯಾಗುವುದು 20, ಸದನದಲ್ಲಿ ಬಾಯ್ಮಾತಿನ ಉತ್ತರ ಸಿಗುವುದು ಮೊದಲ ಕೆಲವಕ್ಕೆ ಮಾತ್ರ. ಉಳಿದವಕ್ಕೆ ಲಿಖಿತ ಉತ್ತರ.

ಎಣಿಕೆ ಸಿದ್ಧವಾಗಿ ಬೇಕೆನ್ನುವವರು ಸಂಸತ್ತಿನ ಕೆಲಸದ ಲೆಕ್ಕ ಇಡುವ ಸಂಶೋಧನಾ ಸಂಸ್ಥೆ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್‌ನ ಸಂಸದರ ಪಟ್ಟಿಗೆ ಹೋಗುತ್ತಾರೆ. ಚೊಕ್ಕವಾದ ಕೆಲಸ, ಆದರೆ ಮಿತಿ ಗೊತ್ತಿರಲಿ. ಅಲ್ಲಿನ ಹಾಜರಾತಿ ಎಂದರೆ ಸಹಿ. ಸಹಿ ಹಾಕಿ ಎಷ್ಟು ಹೊತ್ತು ಕೂತರು ಎಂಬುದಲ್ಲ. ಮಂತ್ರಿಗಳು ಸಹಿ ಹಾಕಬೇಕಿಲ್ಲ, ಪ್ರಶ್ನೆ ಕೇಳುವವರೂ ಅವರಲ್ಲ. 2024ರಲ್ಲಿ ಗೆದ್ದು ಕೇಂದ್ರ ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅವರನ್ನು ಹಿಂದಿನ ಸಂಸದೆ ಸುಮಲತಾ ಅವರ ಪಕ್ಕ ನಿಲ್ಲಿಸಿ 'ಮಂಡ್ಯಕ್ಕಾಗಿ ಕೇಳಿದ ಪ್ರಶ್ನೆ' ಎಂದು ಕೋಷ್ಟಕ ಮಾಡಿದರೆ ಅದು ಸಂಶೋಧನೆಯಲ್ಲ, ಚುನಾವಣಾ ಕರಪತ್ರ.

ಯಾರು ಯಾವ ಮಸೂದೆಗೆ ಮತ ಹಾಕಿದರು ಎಂಬ ವಿಷಯವನ್ನು ಆರಿಸುವ ಮುನ್ನ ಎರಡು ಸಲ ಯೋಚಿಸಿ. ಹೆಚ್ಚಿನವು ಧ್ವನಿಮತದಲ್ಲೇ ಮುಗಿಯುತ್ತವೆ, ಮತವಿಭಜನೆಗೆ (ಪರ-ವಿರೋಧ ಮತಗಳನ್ನು ಎಣಿಸುವುದಕ್ಕೆ) ಒತ್ತಾಯಿಸಿದಾಗಷ್ಟೇ ಹೆಸರುಗಳು ದಾಖಲಾಗುತ್ತವೆ. ದಾಖಲಾದರೂ 1985ರ ಪಕ್ಷಾಂತರ ನಿಷೇಧದ ಬಳಿಕ ಅದು ವಿಪ್‌ನ (ಪಕ್ಷದ ಆದೇಶದ) ಮಾತೋ ಸದಸ್ಯರ ಮನಸ್ಸೋ ಎಂದು ಬೇರ್ಪಡಿಸುವುದು ಕಷ್ಟ.

ಈ ಉಗ್ರಾಣದಲ್ಲಿ ನಿಜವಾದ ಮಾಲು ಇರುವುದು ಸಚಿವಾಲಯಗಳ ಕೆಲಸ ಪರಿಶೀಲಿಸುವ ಸಂಸದರ ಇಲಾಖಾವಾರು ಸ್ಥಾಯಿ ಸಮಿತಿಗಳ ವರದಿಗಳಲ್ಲಿ. 1993ರಲ್ಲಿ 17 ಇದ್ದವು, ಈಗ 24. ಪ್ರತಿಯೊಂದರಲ್ಲೂ 31 ಸದಸ್ಯರು. ಕಬ್ಬು, ನೀರಾವರಿ, ರೈಲ್ವೆ ಬಗ್ಗೆ ಬರೆಯುವವರು ಮೊದಲು ಶಿಫಾರಸಿನ ವರದಿ ತೆಗೆದು, ಆಮೇಲೆ ಅದರ ಕ್ರಮಾನುಸರಣ ವರದಿಯನ್ನು (ಶಿಫಾರಸಿನ ಮೇಲೆ ಸರ್ಕಾರ ಏನು ಮಾಡಿತೆಂಬ ವರದಿ) ಜೋಡಿಸಿಕೊಳ್ಳಬೇಕು. ಸರ್ಕಾರ ಯಾವುದನ್ನು ಒಪ್ಪಿತು, ಯಾವುದನ್ನು ಜಾರಿಸಿತು ಎಂಬುದು ಒಂದೊಂದೇ ಶಿಫಾರಸಿನಡಿ ತೆರೆದುಕೊಳ್ಳುತ್ತದೆ. ಸಭೆಗಳು ಮುಚ್ಚಿದ ಬಾಗಿಲೊಳಗೆ ನಡೆದರೂ ವರದಿಯ ಕೊನೆಯಲ್ಲಿ ಲಗತ್ತಾದ ಸಭಾ ನಡಾವಳಿಯಲ್ಲಿ ಯಾರು ಬಂದಿದ್ದರು ಎಂಬುದಾದರೂ ಗೊತ್ತಾಗುತ್ತದೆ.

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮೇಲೆ ಕೆಲಸ ಮಾಡುವವರು ಮಾತ್ರ ಈ ತಾಣದಲ್ಲಿ ಹೊತ್ತು ಕಳೆಯಬೇಡಿ. ಇದು ದೆಹಲಿಯ ದಾಖಲೆಗಳ ಮನೆ. ಸಂಸ್ಥಾನದ ಕಡತಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರದ ದಾರಿ ಹಿಡಿಯಿರಿ.