ಹಿರಿಯರ ಮನೆಗೆ ಬಿಪಿ ಯಂತ್ರ: ಓಮ್ರಾನ್ ಹೆಚ್‌ಇಎಂ-7120

ಮುಂಬೈ ಸುತ್ತಲಿನ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮವರ ಮನೆಗಳಿಗೆ ಹೇಳಿ ಮಾಡಿಸಿದಂಥ ಯಂತ್ರ. ತೋಳಿಗೆ ಕಟ್ಟುವಂಥದ್ದು, ಹಾಗಾಗಿ ಮಣಿಕಟ್ಟಿನವಕ್ಕಿಂತ ನಂಬಬಹುದು. ಅಂಕಿ ದೊಡ್ಡದು, ಕಣ್ಣು ಮಂದವಾದವರಿಗೂ ತೊಡಕಿಲ್ಲ.

ಕೊಳ್ಳುವ ಮೊದಲು ತೋಳಿನ ಸುತ್ತಳತೆ ನೋಡಿ. ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ.ಗೆ ಮಾತ್ರ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ತೋರಿಸಿ, ಬೇಡದ ಮಾತ್ರೆಗೆ ದಾರಿಯಾಗುತ್ತದೆ.

ಬಹಳಷ್ಟು ತಪ್ಪು ಯಂತ್ರದ್ದಲ್ಲ, ಕೂರುವ ರೀತಿಯದ್ದು. ಲೋಕಲ್ ರೈಲು ಇಳಿದು ಸೇತುವೆ ಹತ್ತಿ ಬಂದ ಕೂಡಲೇ ನೋಡಬೇಡಿ. ಚಹಾ ಕುಡಿದು ಅರ್ಧ ಗಂಟೆ ಕಳೆದಿರಲಿ, ಮೂತ್ರ ತಡೆದುಕೊಂಡಿರಬಾರದು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. 5 ನಿಮಿಷ ಮಾತಿಲ್ಲದೆ ಕುಳಿತು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಮನೆಯ ಸರಾಸರಿ 135/85 ದಾಟುತ್ತಿದ್ದರೆ ವೈದ್ಯರಿಗೆ ತೋರಿಸಿ.

ಎದ್ದಾಗ ತಲೆ ತಿರುಗುವವರಿಗೆ ನಿಂತ 1 ಮತ್ತು 3 ನಿಮಿಷಕ್ಕೂ ನೋಡುವುದು ಒಳ್ಳೆಯದು. ಮೇಲಿನ ಅಂಕಿ ಕುಳಿತಾಗ ಇದ್ದುದಕ್ಕಿಂತ 20ರಷ್ಟು ಇಳಿದರೆ ಬೀಳುವ ಭಯವಿದೆ, ಔಷಧಿಯ ಪ್ರಮಾಣ ವೈದ್ಯರೇ ಮರುಪರಿಶೀಲಿಸಬೇಕು.

ಈ ಯಂತ್ರದ ಕೊರತೆಯೆಂದರೆ, ಕೊನೆಯ ಅಳತೆಯನ್ನಷ್ಟೇ ನೆನಪಿಡುತ್ತದೆ. ಕ್ಯಾಲೆಂಡರಿನಲ್ಲಿ ಬರೆದಿಡಲೇಬೇಕು. ಎದೆಬಡಿತ ಸದಾ ಏರುಪೇರಾಗಿರುವವರು ಇದೊಂದನ್ನೇ ನೆಚ್ಚಬಾರದು.