ತಾರಸಿಯ ಸೌರ ವಿದ್ಯುತ್: ದಾವಣಗೆರೆಯ ಒಂದು ಅಳವಡಿಕೆ ಸೇವೆಯ ಕುರಿತು

ದಾವಣಗೆರೆಯ ನಮ್ಮ ಮನೆಯ ತಾರಸಿಯಲ್ಲಿ 3 ಕಿಲೋವ್ಯಾಟ್ ಸೌರ ಫಲಕಗಳನ್ನು ಅಳವಡಿಸಿದ ಸ್ಥಳೀಯ ಸಂಸ್ಥೆಯ ಕೆಲಸದಲ್ಲಿ ನಾನು ಬಹುವಾಗಿ ಮೆಚ್ಚಿದ್ದು ಜೋಡಣೆಯನ್ನು; ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ, ನೀರಿನ ಟ್ಯಾಂಕಿನ ನೆರಳು ಬೀಳದಂತೆ, ಧೂಳು ತೊಳೆಯಲು ನಡುವೆ ದಾರಿ ಬಿಟ್ಟು ಕೂರಿಸಿದ್ದಾರೆ. ಒಂದು ಫಲಕದ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದಾದ್ದರಿಂದ ಈ ಎಚ್ಚರ ಸಣ್ಣದಲ್ಲ. ಒಳ್ಳೆಯ ಬಿಸಿಲಿದ್ದ ದಿನ ಸುಮಾರು 12 ಯೂನಿಟ್ ಸಿಗುತ್ತದೆ.

2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಡಿ ಈ ಸಾಮರ್ಥ್ಯಕ್ಕೆ ದೊರೆಯುವ 78,000 ರೂಪಾಯಿ ಸಹಾಯಧನದ ಅರ್ಜಿಯನ್ನು ಅವರೇ ಅಚ್ಚುಕಟ್ಟಾಗಿ ಸಲ್ಲಿಸಿದರು. ಆದರೆ ಬ್ಯಾಟರಿ ಇಲ್ಲದೆ ಊರಿನ ವಿದ್ಯುತ್ ಜಾಲಕ್ಕೆ ಜೋಡಿಸಿದ ಇಂಥ ವ್ಯವಸ್ಥೆ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳ ಸುರಕ್ಷತೆಗಾಗಿ, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ ಎಂಬುದನ್ನು ಮೊದಲೇ ತಿಳಿಸದಿದ್ದದ್ದು ಗಂಭೀರ ಲೋಪ.

2030ರೊಳಗೆ 500 ಗಿಗಾವ್ಯಾಟ್ ಪಳೆಯುಳಿಕೆಯೇತರ (ಕಲ್ಲಿದ್ದಲು, ತೈಲದಂಥ ಇಂಧನ ಸುಡದ) ವಿದ್ಯುತ್ ಸಾಮರ್ಥ್ಯ ಸಾಧಿಸುವ ದೇಶದ ಗುರಿಗೆ ಮನೆಯ ತಾರಸಿಗಳೂ ಬೇಕು, ಮುಂಗಾರಿನ ಮೋಡ ಬಿಸಿಲನ್ನು ಮರೆಮಾಡಿದಾಗ ರಭಸದಿಂದ ತಿರುಗುವ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳೂ ಬೇಕು. ಈ ಸಂಸ್ಥೆಯನ್ನು ನಾನು ಶಿಫಾರಸು ಮಾಡುತ್ತೇನೆ. ಫಲಕಗಳ ವಿದ್ಯುತ್ತನ್ನು ಮನೆ ಬಳಕೆಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರ್‌ನ ವಾರಂಟಿಯನ್ನೂ ದುರಸ್ತಿಯ ಹೊಣೆಯನ್ನೂ ಮಾತ್ರ ಲಿಖಿತವಾಗಿ ಪಡೆದುಕೊಳ್ಳಿ.