ಅಗ್ಗದ್ದು ನಾಲ್ಕು ವರ್ಷ, ದುಬಾರಿಯದು ಎರಡು ವರ್ಷ: ನನ್ನ ಎರಡು ಟ್ರಿಮ್ಮರ್‌ಗಳು

ಮನೆ ಸುತ್ತಲಿನ ಹುಲ್ಲಿಗೆಂದು ಮೊದಲು ತಂದದ್ದು ಅಂಗಡಿಯಲ್ಲಿದ್ದ ತೀರಾ ಅಗ್ಗದ, ಕರೆಂಟಿನ ಟ್ರಿಮ್ಮರ್. ನಾಲ್ಕು ವರ್ಷ ಓಡಿಸಿದೆ. ಆಮೇಲೆ ಅದರ ನಾಲ್ಕು ಪಟ್ಟು ದುಡ್ಡು ಕೊಟ್ಟು ಬ್ಯಾಟರಿಯದ್ದು ತಂದೆ. ಅದಕ್ಕೀಗ ಎರಡು ವರ್ಷ.

ಹುಲ್ಲು ಕತ್ತರಿಸುವುದರಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಗಿರ್ರನೆ ತಿರುಗುವ ನೈಲಾನ್ ದಾರ ತಾನೆ ಕೆಲಸ ಮಾಡುವುದು? 1971ರಲ್ಲಿ ಅಮೆರಿಕದ ಜಾರ್ಜ್ ಬಲ್ಲಾಸ್ ಎಂಬಾತ ಕಾರು ತೊಳೆಯುವ ಯಂತ್ರದ ಬ್ರಶ್ ತಿರುಗುವುದನ್ನು ನೋಡಿ ಈ ಮೆಷಿನ್ ಕಂಡುಹಿಡಿದ. ಮೊದಲ ಪ್ರಯೋಗಕ್ಕೆ ಅವನಿಗೆ ಸಾಕಾದದ್ದು ಒಂದು ಖಾಲಿ ಡಬ್ಬಿ, ಮೀನು ಹಿಡಿಯುವ ಗಾಳದ ದಾರ, ತಿರುಗಿಸಲು ಒಂದು ಮೋಟಾರ್. ಅಷ್ಟರಲ್ಲೇ ಹುಲ್ಲು ಕತ್ತರಿಸಿತ್ತು.

ಜಾಸ್ತಿ ದುಡ್ಡು ಕೆಲಸಕ್ಕೆ ಬಂದದ್ದು ದಾರ ಸುತ್ತಿಡುವ ಸ್ಪೂಲಿನಲ್ಲಿ. ಅಗ್ಗದ್ದರಲ್ಲಿ 1.2 ಮಿ.ಮೀ. ದಾರ. ಗೋಡೆಯ ಅಂಚಿಗೆ ತಾಗಿದರೆ ಪಟ್ ಅಂತ ಹರಿಯುತ್ತದೆ. ಅದೂ ತೂತಿನ ಬಾಯಲ್ಲೇ ಹರಿದು ತುದಿ ಒಳಗೆ ಹೋಗಿಬಿಡುತ್ತದೆ. ಮುಚ್ಚಳ ತೆಗೆಯಲೇಬೇಕು. ತೆಗೆದ ಕೂಡಲೇ ಒಳಗಿನ ಸ್ಪ್ರಿಂಗ್ ಹಾರಿ ಹುಲ್ಲಿಗೆ ಬೀಳುತ್ತದೆ. ಒಂದು ಭಾನುವಾರ ಮಂಡಿಯೂರಿ ಅರ್ಧ ಗಂಟೆ ಹುಡುಕಿದ್ದೇನೆ, ಅದೂ ಇನ್ನೂ ಕತ್ತರಿಸದ ಹುಲ್ಲಿನಲ್ಲಿ! ಬಿಸಿಗೆ ದಾರದ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುವ ಕಾಟ ಬೇರೆ. ದುಬಾರಿಯದ್ದರಲ್ಲಿ 2 ಮಿ.ಮೀ. ದಾರ. ಒಂದು ತೂತಿನಿಂದ ತೂರಿಸಿ ಇನ್ನೊಂದರಿಂದ ಎಳೆದು, ಸ್ಪೂಲಿನ ತಲೆ ತಿರುಗಿಸಿದರೆ ತಾನೇ ಸುತ್ತಿಕೊಳ್ಳುತ್ತದೆ. ಮುಚ್ಚಳದ ಸಹವಾಸವೇ ಇಲ್ಲ.

ಯಾವ ದಾರವಾದರೂ ವರ್ಷಗಟ್ಟಲೆ ಇಟ್ಟರೆ ಒಣಗಿ ಪೆಡಸಾಗುತ್ತದೆ. ರಾತ್ರಿ ನೀರಲ್ಲಿ ನೆನೆಹಾಕಿ, ಬೇಗ ಹರಿಯುವುದಿಲ್ಲ. ಹಾಗಂತ ಅಗ್ಗದ ಮೆಷಿನ್‌ಗೆ ದಪ್ಪ ದಾರ ತುರುಕಬೇಡಿ. ನಾನು ತುರುಕಿ ನೋಡಿದೆ. ಹತ್ತು ನಿಮಿಷಕ್ಕೆ ಮೋಟಾರಿನಿಂದ ಸುಟ್ಟ ವಾಸನೆ ಬಂತು. ಪುಣ್ಯಕ್ಕೆ ಉಳಿಯಿತು. ಮೂರನೇ ವರ್ಷ ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದಿತ್ತು, ಬದಲಾಯಿಸಿದ ಮೇಲೆ ಮತ್ತೆ ಓಡಿತು.

ದುಬಾರಿಯದ್ದರ ಮೇಲೂ ಸಿಟ್ಟಿದೆ. ದಟ್ಟ ಹುಲ್ಲಿಗೆ ಬ್ಯಾಟರಿ ಇಪ್ಪತ್ತೈದು ನಿಮಿಷ ಬಂದರೆ ಹೆಚ್ಚು. ಇನ್ನೊಂದು ಬ್ಯಾಟರಿ ಕೊಳ್ಳೋಣ ಅಂದರೆ ಮೆಷಿನ್ನಿನ ಅರ್ಧ ಬೆಲೆ. ಬಳಸದ ತಿಂಗಳುಗಳಲ್ಲಿ ಅದನ್ನು ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ ಇಡುತ್ತೇನೆ. ಫುಲ್ ಚಾರ್ಜ್ ಮಾಡಿ ಬಿಸಿಲು ಬೀಳುವಲ್ಲಿಟ್ಟರೆ ಬೇಗ ಸೊರಗುತ್ತದೆ. ಅಗ್ಗದ್ದಕ್ಕೆ ಈ ಉಪಚಾರ ಯಾವುದೂ ಬೇಕಿರಲಿಲ್ಲ, ಕೈಗೂ ಹಗುರ. ಎಕ್ಸ್‌ಟೆನ್ಷನ್ ವೈರ್ ಎಳೆದುಕೊಂಡು ಓಡಾಡುವುದೊಂದೇ ರಗಳೆ.

ಪೆಟ್ರೋಲಿನದ್ದನ್ನು ಒಮ್ಮೆ ಎರವಲು ತಂದಿದ್ದೆ. ಟೂ ಸ್ಟ್ರೋಕ್ ಇಂಜಿನ್, ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸಬೇಕು. ಹಳೇ ಪೆಟ್ರೋಲ್ ಟ್ಯಾಂಕಿನಲ್ಲೇ ಉಳಿದರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಮನೆಯಂಗಳಕ್ಕೆ ಅದು ಅತಿಯಾಯಿತು.

ಇನ್ನೊಂದು ವಿಷಯದಲ್ಲೂ ನನ್ನ ಎರಡೂ ಮೆಷಿನ್ ಒಂದೇ. ದಾರ ತಾಗಿ ಎಳೆ ಗಿಡದ ಬುಡದಲ್ಲಿ ಸುತ್ತಲೂ ತೊಗಟೆ ಹೋಯಿತೆಂದರೆ ಗಿಡ ಒಣಗಿದಂತೆಯೇ. ಹಾಗೆ ಒಂದು ದಾಸವಾಳ ಕಳೆದುಕೊಂಡೆ. ಈಗ ಬುಡದ ಹುಲ್ಲನ್ನು ಕೈಯಲ್ಲೇ ಕೀಳುತ್ತೇನೆ.

ವೈರ್ ಎಳೆದಷ್ಟು ದೂರದೊಳಗೇ ನಿಮ್ಮ ಅಂಗಳ ಮುಗಿಯುವುದಾದರೆ ಅಗ್ಗದ್ದು ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ಆದರೆ ಅಂಗಡಿಯಲ್ಲೇ ಸ್ಪೂಲಿನ ಮುಚ್ಚಳ ನಾಲ್ಕು ಸಲ ತೆಗೆದು ಹಾಕಿ ನೋಡಿ. ಬಿಡಿ ಮುಚ್ಚಳ ಸಿಗುತ್ತದೆಯೇ ಅಂತಲೂ ಕೇಳಿ. ನನ್ನ ಹಳೇ ಮೆಷಿನ್ ಮೂಲೆ ಸೇರಿದ್ದು ಮೋಟಾರ್ ಕೆಟ್ಟಲ್ಲ. ಆ ಮುಚ್ಚಳ ಹಿಡಿದಿಡುವ ಬೆರಳುಗುರಿನಷ್ಟು ಪ್ಲಾಸ್ಟಿಕ್ ಕೊಂಡಿ ಮುರಿಯಿತು, ಬೇರೆಯದು ಸಿಗಲಿಲ್ಲ.